ಬಿಯರ್ಡಿ ಊಟ ಬಿಟ್ಟಿದ್ಯಾ? ಹುಳ ಬದಲಾಯಿಸುವ ಮುಂಚೆ ದೀಪ ನೋಡಿ

ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ, ಮುದ್ದಿನ ಹೆಸರು ಬಿಯರ್ಡಿ) ಊಟ ಬಿಟ್ಟ ಕೂಡಲೇ ಬಹಳಷ್ಟು ಮನೆಗಳಲ್ಲಿ ಮೊದಲು ಬದಲಾಗುವುದು ಮೆನು. ಕ್ರಿಕೆಟ್ ಹುಳ ಮುಟ್ಟಲಿಲ್ಲ ಅಂತ ಡೂಬಿಯಾ ಜಿರಳೆ ಬರುತ್ತದೆ. ಅದಕ್ಕೂ ಮುಖ ತಿರುಗಿಸಿದರೆ ಹಾರ್ನ್‌ವರ್ಮ್, ಆಮೇಲೆ ಬ್ಲೂಬೆರಿ. ಸ್ವಲ್ಪ ದಿನದಲ್ಲಿ ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಪಕ್ಕ ಹುಳದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಟ್ಯಾಂಕಿನ ಮೇಲೆ ಉರಿಯುತ್ತಿರುವ ದೀಪದ ಕಡೆ ಮಾತ್ರ ಯಾರೂ ತಲೆಯೆತ್ತಿ ನೋಡಿರುವುದಿಲ್ಲ.

ಇದು ಆಸ್ಟ್ರೇಲಿಯಾದ ಒಳನಾಡಿನ ಒಣ ನೆಲದ ಪ್ರಾಣಿ. ಈಗ ಅಮೆರಿಕ, ಬ್ರಿಟನ್‌ಗಳಲ್ಲಿ ಮಾರುವುದೆಲ್ಲ ಸಾಕಾಣಿಕೆಯಲ್ಲೇ ಹುಟ್ಟಿದವು. ಆಸ್ಟ್ರೇಲಿಯಾದಲ್ಲೇ ಇದ್ದೀರಾದರೆ ಕೊಳ್ಳುವ ಮುಂಚೆ ನಿಮ್ಮ ರಾಜ್ಯದ ಲೈಸೆನ್ಸ್ ನಿಯಮ ನೋಡಿ. ನ್ಯೂ ಸೌತ್ ವೇಲ್ಸ್‌ನಲ್ಲಂತೂ ಬೇಕೇ ಬೇಕು. ನಮ್ಮ ಬೇಲಿಯ ಓತಿಕ್ಯಾತ ಕೂಡ ಇದೇ ಕುಟುಂಬದ್ದು. ಬೆಳಿಗ್ಗೆ ಅದು ಏನು ಮಾಡುತ್ತೆ ಅಂತ ನೋಡಿದ್ದೀರಲ್ವಾ? ಮೊದಲು ಬಿಸಿಲು ಕಾಯುತ್ತೆ, ಮೈ ಬೆಚ್ಚಗಾದ ಮೇಲೆ ಬೇಟೆ. ಬಿಯರ್ಡಿಯದೂ ಅದೇ ಕ್ರಮ. ಮೈ ಬಿಸಿಯಾಗದೆ ಹಸಿವಿಲ್ಲ, ತಿಂದರೂ ಅರಗುವುದಿಲ್ಲ. ಹಾಗಾಗಿ ದುಡ್ಡು ಖರ್ಚು ಮಾಡುವುದಾದರೆ ಹುಳದ ಮೇಲಲ್ಲ, ದೀಪದ ಮೇಲೆ ಮಾಡಿ. ಯಾವ ದೀಪ ಅನ್ನುವುದೇ ತಲೆನೋವು. ಅಂಗಡಿಯಲ್ಲಿ ಐದಾರು ತರಹ ಇರುತ್ತವೆ, ಎಲ್ಲದರ ಡಬ್ಬದ ಮೇಲೂ ನಗುತ್ತಿರುವ ಬಿಯರ್ಡಿಯ ಫೋಟೋ.

ತೊಂದರೆ ಬೆಳಕಿನದಾ, ಬಿಸಿಯದಾ?

ಎರಡೂ ಒಂದೇ ಅಲ್ಲ. ಯಾವುದು ಕಮ್ಮಿಯಾಗಿದೆ ಅಂತ ಗೊತ್ತಾದರೆ ಅರ್ಧ ಖರ್ಚು ಉಳಿಯುತ್ತೆ. ಗೊತ್ತಾಗಬೇಕಾದರೆ ಟ್ಯಾಂಕಿನೊಳಗೆ ಹುಳ ಬಿಟ್ಟು ಹತ್ತಿರ ಕೂತು ನೋಡಬೇಕು.

ಬಿಸಿ ಸಾಲದ ಬಿಯರ್ಡಿ ಹುಳವನ್ನು ನೋಡುತ್ತೆ. ತಲೆ ಓರೆ ಮಾಡುತ್ತೆ, ಕೆಲವೊಮ್ಮೆ ನಾಲಿಗೆ ತುದಿಯೂ ಹೊರಗೆ ಬರುತ್ತೆ. ಆದರೆ ಎದ್ದು ಓಡುವುದಿಲ್ಲ. ಬೆನ್ನಿನ ಬಣ್ಣ ಕಪ್ಪಗೆ ತಿರುಗಿರುತ್ತೆ, ಯಾಕೆಂದರೆ ಕಪ್ಪು ಮೈ ಶಾಖವನ್ನು ಜಾಸ್ತಿ ಹೀರುತ್ತೆ. ದಿನವಿಡೀ ದೀಪದ ಕೆಳಗೇ ಮೈ ಚಪ್ಪಟೆ ಮಾಡಿಕೊಂಡು ಬಿದ್ದಿರುತ್ತೆ, ಬಾಯಿ ಮಾತ್ರ ತೆರೆಯುವುದಿಲ್ಲ. ಸಾಕಷ್ಟು ಬಿಸಿಯಾದ ಪ್ರಾಣಿ ಬಾಯಿ ಸ್ವಲ್ಪ ತೆರೆದುಕೊಂಡು ಕೂರುತ್ತೆ, ಜಾಸ್ತಿಯಾದ ಶಾಖವನ್ನು ಹೊರಗೆ ಬಿಡೋಕೆ.

ಯುವಿಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ನೇರಳಾತೀತ ಕಿರಣ) ಸಾಲದ್ದು ಬೇರೆ ಕಥೆ, ಅದು ನಿಧಾನಕ್ಕೆ ಬರುತ್ತೆ. ಸೂರ್ಯನ ಬೆಳಕಿನಲ್ಲಿ ಸುಮಾರು 290ರಿಂದ 315 ನ್ಯಾನೋಮೀಟರ್‌ವರೆಗಿನ ಕಿರಣ ಚರ್ಮದ ಮೇಲೆ ಬಿದ್ದರೆ ದೇಹ ಡಿ3 ವಿಟಮಿನ್ ಮಾಡಿಕೊಳ್ಳುತ್ತೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ದೇಹಕ್ಕೆ ಹತ್ತುವುದಿಲ್ಲ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತೆ. ಕರುಳು ಚಲಿಸೋದಕ್ಕೂ ಕ್ಯಾಲ್ಸಿಯಂ ಬೇಕು, ಅದಕ್ಕೇ ಹಸಿವು ಸಾಯುತ್ತೆ. ಇಂಥ ಪ್ರಾಣಿ ತಿನ್ನೋಕೆ ಹೋಗುತ್ತೆ, ಗುರಿ ತಪ್ಪುತ್ತೆ. ಅಗಿಯುವಾಗ ದವಡೆ ಸೋತ ಹಾಗೆ ಕಾಣುತ್ತೆ. ಕಾಲ್ಬೆರಳು ತಂತಾನೇ ಅದುರುತ್ತೆ. ಇಷ್ಟು ಕಂಡರೆ ದೀಪ ಕೊಳ್ಳೋಕೆ ಅಂಗಡಿಗೆ ಹೋಗಬೇಡಿ, ನೇರವಾಗಿ ಡಾಕ್ಟರ ಹತ್ತಿರ ಹೋಗಿ. ದೀಪ ಆಮೇಲೆ.

ಮೂರನೆಯದೂ ಒಂದಿದೆ: ಕಣ್ಣು ಮುಚ್ಚಿಕೊಂಡೇ ಇರುವುದು. ದೀಪ ಹಾಕಿದರೆ ಕಣ್ಣು ಕಿರಿದು ಮಾಡುತ್ತೆ, ಮೂಲೆಗೆ ಹೋಗುತ್ತೆ, ದೀಪ ಆರಿದ ಮೇಲೆ ಆರಾಮಾಗಿ ಓಡಾಡುತ್ತೆ. ಇದು ಯುವಿಬಿ ಕಮ್ಮಿಯಾಗಿ ಅಲ್ಲ, ತೀರಾ ಹತ್ತಿರವಾಗಿ ಅಥವಾ ತಪ್ಪು ಕೋನದಲ್ಲಿ ಬೀಳುತ್ತಿರುವುದರಿಂದ. ದೀಪವನ್ನು ಟ್ಯಾಂಕಿನ ಪಕ್ಕದಲ್ಲಿ ನಿಲ್ಲಿಸಿ ಒಳಕ್ಕೆ ತಿರುಗಿಸಿದ್ದೀರಾ? ತೆಗೆದು ಮೇಲೆ ಹಾಕಿ. ಈ ಪ್ರಾಣಿಗಳ ಹುಬ್ಬಿನ ಏಣು ಮೇಲಿನ ಬೆಳಕಿಗೆ ಮರೆಯಾಗುತ್ತೆ, ಪಕ್ಕದಿಂದ ಬರುವ ಬೆಳಕಿಗಲ್ಲ.

"ಕಿಟಕಿ ಪಕ್ಕ ಇಟ್ಟಿದ್ದೀವಿ, ಒಳ್ಳೆ ಬಿಸಿಲು ಬರುತ್ತೆ" ಅನ್ನುವವರಿಗೆ ಒಂದು ಮಾತು: ಕಿಟಕಿ ಗಾಜು ಯುವಿಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ಬೆಳಕು ಬರುತ್ತೆ, ಬಿಸಿ ಬರುತ್ತೆ, ಬೇಕಾದ್ದು ಬರುವುದಿಲ್ಲ. ಮೇಲಾಗಿ ಬಿಸಿಲಿಗಿಟ್ಟ ಗಾಜಿನ ಟ್ಯಾಂಕ್ ಒಳಗೆ ಬೇಗ ಕಾದು ಪ್ರಾಣಿ ಸತ್ತೇ ಹೋಗಬಹುದು.

ಯುವಿಬಿ: ಟ್ಯೂಬಾ, ಸುರುಳಿ ಬಲ್ಬಾ, ಮರ್ಕ್ಯುರಿಯಾ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಟಿ5 ಹೈ ಔಟ್‌ಪುಟ್ ಟ್ಯೂಬ್ (ತೆಳ್ಳನೆಯ, ಶಕ್ತಿ ಜಾಸ್ತಿಯ ಟ್ಯೂಬ್‌ಲೈಟ್), ರಿಫ್ಲೆಕ್ಟರ್ ಇರುವ ಪಟ್ಟಿಯ (ಟ್ಯೂಬ್ ಕೂರಿಸುವ ಚೌಕಟ್ಟಿನ) ಸಮೇತ. ಝೂ ಮೆಡ್ ಕಂಪನಿಯ ರೆಪ್ಟಿಸನ್ 10.0 ಆಗಲಿ, ಆರ್ಕೇಡಿಯಾ ಕಂಪನಿಯ 12 ಪರ್ಸೆಂಟ್ ಆಗಲಿ, ಎರಡೂ ನಡೆಯುತ್ತೆ. ಅಮೆರಿಕದಲ್ಲಿ ಟ್ಯೂಬ್ ಮತ್ತು ಪಟ್ಟಿ ಸೇರಿ ಸುಮಾರು 60ರಿಂದ 80 ಡಾಲರ್ ಬೀಳುತ್ತೆ. ಸುರುಳಿ ಬಲ್ಬ್‌ಗೆ 20–25 ಡಾಲರ್ ಇರುವಾಗ ಇದು ದುಬಾರಿ ಅನ್ನಿಸುವುದು ಸಹಜ. ಆದರೂ ಇದೇ ಯಾಕೆ ಅಂದರೆ, ಬೆಳಕು ಹರಡುವ ರೀತಿ. ನಾಲ್ಕಡಿ ಟ್ಯಾಂಕಿಗೆ 39 ವ್ಯಾಟ್‌ನ 34 ಇಂಚಿನ ಟ್ಯೂಬ್ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಜಾಗಕ್ಕೆ ಯುವಿಬಿ ಸಿಗುತ್ತೆ, ಉಳಿದದ್ದು ನೆರಳು. ಪ್ರಾಣಿಯ ಮೂತಿಯಿಂದ ಬಾಲದವರೆಗೆ ಒಂದೇ ಸಮ ಬೀಳುತ್ತೆ. ಎಷ್ಟು ಬೇಕೋ ಅಷ್ಟು ತಗೊಂಡು, ಸಾಕು ಅನಿಸಿದಾಗ ನೆರಳಿಗೆ ಹೋಗುವುದು ಅದರ ಕೈಯಲ್ಲೇ ಇರುತ್ತೆ.

ಎಷ್ಟು ದೂರದಲ್ಲಿ ಹಾಕಬೇಕು? ಟ್ಯೂಬ್‌ನಿಂದ ಪ್ರಾಣಿಯ ಬೆನ್ನಿಗೆ ಅಳೆಯಿರಿ, ನೆಲಕ್ಕಲ್ಲ. ಜಾಲರಿ ಅಡ್ಡ ಇಲ್ಲದಿದ್ದರೆ 30ರಿಂದ 40 ಸೆಂಟಿಮೀಟರ್. ಜಾಲರಿ ಮುಚ್ಚಳದ ಮೇಲಿಟ್ಟರೆ 20ರಿಂದ 28. ಸಣ್ಣ ಕಣ್ಣಿನ ಜಾಲರಿ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಯುವಿಬಿ ನುಂಗುತ್ತೆ, ಅದಕ್ಕೇ ಈ ವ್ಯತ್ಯಾಸ. ನಿಮ್ಮ ಟ್ಯೂಬ್‌ನ ಡಬ್ಬದ ಮೇಲೂ ದೂರದ ಪಟ್ಟಿ ಇರುತ್ತೆ, ಒಮ್ಮೆ ಹೋಲಿಸಿ.

ಟಿ8 ಟ್ಯೂಬ್ ಹಳೆಯ ಕಾಲದ್ದು, ದಪ್ಪ: 26 ಮಿಲಿಮೀಟರ್. ಟಿ5 ಬರೀ 16. ಟಿ8 ಕೆಟ್ಟದ್ದೇನಲ್ಲ, ಶಕ್ತಿ ಕಮ್ಮಿ ಅಷ್ಟೇ. ಜಾಲರಿ ಇಲ್ಲದೆ ಬೆನ್ನಿಂದ 15–20 ಸೆಂಟಿಮೀಟರ್ ದೂರದಲ್ಲಿ ಹಾಕಬೇಕಾಗುತ್ತೆ. ಆರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಟಿ5 ಒಂದು ವರ್ಷ ಬರುತ್ತೆ. ಕೂಡಿ ಕಳೆದರೆ ಉಳಿತಾಯ ಏನೂ ಇಲ್ಲ. ಎತ್ತರ ಕಮ್ಮಿ ಇರುವ ಟ್ಯಾಂಕ್, ಮನೆಯಲ್ಲಿ ಆಗಲೇ ಟಿ8 ಪಟ್ಟಿ ಇದೆ ಅನ್ನುವವರಿಗೆ ಮಾತ್ರ ಸರಿ.

ಇನ್ನು ಸುರುಳಿ ಬಲ್ಬ್. ನಮ್ಮ ಮನೆಗಳಲ್ಲಿ ಇರುತ್ತಿದ್ದ ಸಿಎಫ್‌ಎಲ್ ತರಹದ್ದೇ. ಎಷ್ಟೋ ಸ್ಟಾರ್ಟರ್ ಕಿಟ್‌ಗಳಲ್ಲಿ ಬರುವುದು ಇದೇ. ಹೋಲ್ಡರ್‌ಗೆ ತಿರುಗಿಸಿದರೆ ಮುಗಿಯಿತು, ಅದಕ್ಕೇ ಜನಕ್ಕೆ ಇಷ್ಟ. ತೊಂದರೆ ಏನು ಅಂದರೆ, ಬಲ್ಬ್‌ನ ಕೆಳಗೆ ಅಂಗೈ ಅಗಲದ ಜಾಗದಲ್ಲಿ ಮಾತ್ರ ಒಂದಿಷ್ಟು ಯುವಿಬಿ. ಒಂದಡಿ ಪಕ್ಕಕ್ಕೆ ಹೋದರೆ ಸೊನ್ನೆಗೆ ಹತ್ತಿರ. ಒಂದೂವರೆ ಅಡಿ ಉದ್ದ ಬೆಳೆಯುವ ಪ್ರಾಣಿಗೆ ಇದು ಏನೂ ಅಲ್ಲ. 2007ರ ಸುಮಾರಿಗೆ ಇಂಥ ಕೆಲವು ಬಲ್ಬ್‌ಗಳು ಹಾನಿಕಾರಕವಾದ ಕಿರಿ ತರಂಗದ ಕಿರಣ ಬಿಡುತ್ತಿದ್ದದ್ದು ಬೆಳಕಿಗೆ ಬಂತು. ಪ್ರಾಣಿಗಳ ಕಣ್ಣು ಊದಿ, ಊಟ ಬಿಟ್ಟಿದ್ದವು. ಒಳ್ಳೆ ಕಂಪನಿಗಳು ಆಮೇಲೆ ಸರಿಪಡಿಸಿಕೊಂಡವು. ಆದರೆ ಆನ್‌ಲೈನಲ್ಲಿ ಹೆಸರೇ ಕೇಳದ ಬ್ರ್ಯಾಂಡ್‌ನ ಅಗ್ಗದ ಬಲ್ಬ್ ಕಂಡರೆ ಈಗಲೂ ಕೈ ಹಾಕಬೇಡಿ. ಕಿಟ್ ಚೆನ್ನಾಗಿದೆ ಅಂತ ಅಂಗಡಿಯವನು ಹೇಳುತ್ತಾನೆ, ಕೇಳಿದರೆ ಡಬ್ಬ ತೋರಿಸುತ್ತಾನೆ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ!

ಮರ್ಕ್ಯುರಿ ವೇಪರ್ ಬಲ್ಬ್ ಒಂದೇ ಏಟಿಗೆ ಬಿಸಿ, ಬೆಳಕು, ಯುವಿಬಿ ಮೂರೂ ಕೊಡುತ್ತೆ. ಕೇಳೋಕೆ ಚೆನ್ನಾಗಿದೆ. ದೊಡ್ಡ, ಎತ್ತರದ ಮರದ ಗೂಡು ಇದ್ದು, ಚಳಿ ಜಾಗದಲ್ಲಿದ್ದರೆ ನಿಜವಾಗಿಯೂ ಕೆಲಸಕ್ಕೆ ಬರುತ್ತೆ. ಆದರೆ 100–160 ವ್ಯಾಟ್‌ನ ಈ ಬಲ್ಬ್‌ಗೆ ಡಿಮ್ಮರ್ ಹಾಕುವ ಹಾಗಿಲ್ಲ, ಥರ್ಮೋಸ್ಟಾಟ್ ಹಾಕುವ ಹಾಗಿಲ್ಲ. ಬಿಸಿ ಜಾಸ್ತಿಯಾದರೆ ದೀಪವನ್ನೇ ಮೇಲೆತ್ತಬೇಕು, ಎತ್ತಿದರೆ ಯುವಿಬಿ ಕಮ್ಮಿಯಾಗುತ್ತೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ. ಪಿಂಗಾಣಿ ಹೋಲ್ಡರ್‌ನಲ್ಲಿ ನೆಟ್ಟಗೆ ಕೆಳಮುಖವಾಗಿ ನೇತುಹಾಕಬೇಕು. ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ, ಅದು ನೋಡಿ ಕೆಟ್ಟುಹೋಯಿತು ಅಂತ ಎಸೆದವರೂ ಇದ್ದಾರೆ. 40 ಗ್ಯಾಲನ್ ಟ್ಯಾಂಕಿಗಂತೂ ಬೇಡವೇ ಬೇಡ, ತಣ್ಣನೆ ಮೂಲೆಯೇ ಉಳಿಯುವುದಿಲ್ಲ.

ಮೆಟಲ್ ಹಾಲೈಡ್ ಬಲ್ಬ್ ಬೆಳಕಿನ ವಿಷಯದಲ್ಲಿ ರಾಜ. ಸೂರ್ಯನಿಗೆ ಬಹಳ ಹತ್ತಿರದ ಬೆಳಕು. ಬೇರೆ ಚೋಕ್ ಬೇಕು, ಬೆಲೆಯೂ ಜಾಸ್ತಿ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದಿಲ್ಲ. ಯುವಿಬಿ ಎಲ್‌ಇಡಿಗಳು ಈಗ ಬರುತ್ತಿವೆ. ಸೂರ್ಯನ ಬೆಳಕಿನ ಹಾಗೆ ಹರಡಿದ ತರಂಗಗಳಲ್ಲ, ಕಿರಿದಾದ ಪಟ್ಟಿಯಲ್ಲಿ ಬರುವ ಬೆಳಕು. ಸದ್ಯಕ್ಕೆ ಕಾಯುವುದು ಲೇಸು. ಬೆಳಕು ಸಾಲದ ಕೋಣೆಯಾದರೆ ಮಾಮೂಲಿ ಬಿಳಿ ಎಲ್‌ಇಡಿ ಪಟ್ಟಿಯನ್ನು ಟಿ5 ಜೊತೆಗೆ ಹಾಕಿ. ಹಗಲು ಹಗಲಿನ ಹಾಗೆ ಬೆಳಗಿದರೆ ಪ್ರಾಣಿ ಚುರುಕಾಗುತ್ತೆ, ಚುರುಕಾದರೆ ತಿನ್ನುತ್ತೆ.

ಪುಕ್ಕಟೆ ಯುವಿಬಿಯೂ ಇದೆ, ಹೊರಗಿನ ಬಿಸಿಲು. ಟೆಕ್ಸಾಸ್, ಕ್ಯಾಲಿಫೋರ್ನಿಯಾದವರಿಗೆ ವರ್ಷದಲ್ಲಿ ಹಲವು ತಿಂಗಳು ಸಿಗುತ್ತೆ. ತಂತಿಬಲೆಯ ಪಂಜರದಲ್ಲಿ, ಒಂದು ಕಡೆ ನೆರಳು ಮಾಡಿ, ಪಕ್ಕದಲ್ಲಿ ನೀವೂ ಕೂತಿದ್ದರೆ ಅರ್ಧ ಗಂಟೆ ಬಿಡಿ. ಗಿಡುಗ ಬರುತ್ತೆ, ಸುಮ್ನೆ ಬಿಟ್ಟು ಒಳಗೆ ಹೋಗಬೇಡಿ. ಅಂಗಳದ ಹುಳ ತಿನ್ನೋಕೂ ಬಿಡಬೇಡಿ. ಮುಖ್ಯವಾಗಿ ಮಿಂಚುಹುಳ: ಅಮೆರಿಕದ ಮಿಂಚುಹುಳ ಒಂದೇ ಒಂದು ತಿಂದರೂ ಬಿಯರ್ಡಿ ಸಾಯಬಹುದು. ಬಾಸ್ಟನ್, ಲಂಡನ್‌ನವರು ವರ್ಷಪೂರ್ತಿ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ, ಟ್ಯೂಬ್ ಬೇಕೇ ಬೇಕು.

ಹಳೇ ಟ್ಯೂಬ್ ವಿಷಯ. ಯುವಿಬಿ ಕಣ್ಣಿಗೆ ಕಾಣುವುದಿಲ್ಲ. ಟ್ಯೂಬ್ ಬೆಳ್ಳಗೆ ಉರಿಯುತ್ತಲೇ ಇರುತ್ತೆ, ಒಳಗಿನ ಯುವಿಬಿ ಕರಗಿರುತ್ತೆ. ಕಳೆದ ದೀಪಾವಳಿಗೆ ಕೊಂಡ ಟಿ5 ಈ ದೀಪಾವಳಿಗೂ ಉರಿಯುತ್ತಿದ್ದರೆ ಬದಲಾಯಿಸುವ ಸಮಯ ಬಂತು ಅಂತಲೇ. ಹಾಕಿದ ತಾರೀಕನ್ನು ಟ್ಯೂಬ್‌ನ ತುದಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ.

ಬಿಸಿಗೆ ಯಾವುದು?

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಿಳಿ ಹ್ಯಾಲೋಜನ್ ಫ್ಲಡ್ ಬಲ್ಬ್ ಸಾಕು. ಪಾರ್38 ಅಂತ ಕೇಳಿದರೆ ಮುಂಚೆ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತಿತ್ತು, ಅಮೆರಿಕದಲ್ಲಿ 2023ರಿಂದ ಮಾಮೂಲಿ ಹ್ಯಾಲೋಜನ್ ಮಾರಾಟ ನಿಂತಿದೆ. "ರೆಪ್ಟೈಲ್ ಬಾಸ್ಕಿಂಗ್ ಬಲ್ಬ್" ಅಂತ ಬರೆದ ಡಬ್ಬದಲ್ಲಿ ಅಂಥದ್ದೇ ಬಲ್ಬ್ ಎರಡು ಪಟ್ಟು ಬೆಲೆಗೆ ಇರುವುದುಂಟು. ಎಲ್‌ಇಡಿ ಪಾರ್38 ಕೂಡ ಅದೇ ಆಕಾರದಲ್ಲಿ ಬರುತ್ತೆ, ಅದರಲ್ಲಿ ಬಿಸಿ ಇಲ್ಲ, ನೋಡಿ ಕೊಳ್ಳಿ. ಹ್ಯಾಲೋಜನ್ ಶಾಖ ಬಿಸಿಲಿನ ಹಾಗೆ ಮೈಯೊಳಗೆ ಇಳಿಯುತ್ತೆ. ಸೆರಾಮಿಕ್ ಹೀಟರ್ ಬೆಳಕೇ ಕೊಡುವುದಿಲ್ಲ, ಚರ್ಮದ ಮೇಲ್ಭಾಗವನ್ನಷ್ಟೇ ಕಾಯಿಸುತ್ತೆ. ಅದು ರಾತ್ರಿಗೆ, ಅದೂ ಕೋಣೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಮಾತ್ರ. ಕೆಂಪು ಬಲ್ಬ್ ಬೇಡ: ಪ್ರಾಣಿಗೆ ಕೆಂಪು ಕಾಣುತ್ತೆ, ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ಊಟವೂ ಕೆಡುತ್ತೆ. ಕರೆಂಟಿನಿಂದ ಕಾಯುವ ಬಿಸಿ ಕಲ್ಲು, ಹೀಟ್ ಮ್ಯಾಟ್ ಎರಡೂ ಬೇಡ. ಈ ಪ್ರಾಣಿಗೆ ಮೇಲಿನ ಶಾಖ ತಿಳಿಯುವ ಹಾಗೆ ಹೊಟ್ಟೆ ಕೆಳಗಿನ ಶಾಖ ತಿಳಿಯುವುದಿಲ್ಲ. ಸುಟ್ಟುಕೊಂಡರೂ ಅಲ್ಲೇ ಕೂತಿರುತ್ತೆ.

ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ, ಅಂದರೆ ಸುಮಾರು 100–108 ಫ್ಯಾರನ್‌ಹೀಟ್. ತಣ್ಣನೆ ಕಡೆ 24–27 ಡಿಗ್ರಿ ಸೆಲ್ಸಿಯಸ್. ಹ್ಯಾಲೋಜನ್ ಮತ್ತು ಟ್ಯೂಬ್ ಎರಡೂ ಒಂದೇ ಕಡೆ ಇರಲಿ. ಟ್ಯೂಬ್ ಒಂದು ತುದಿಗೆ, ಬಿಸಿ ಇನ್ನೊಂದು ತುದಿಗೆ ಹಾಕಿದರೆ ಪ್ರಾಣಿ ಬಿಸಿ ಇರುವ ಕಡೆಯೇ ಕೂರುತ್ತೆ, ಯುವಿಬಿ ಖಾಲಿ ಮರಳಿನ ಮೇಲೆ ಬೀಳುತ್ತೆ. ಬೇಸಿಗೆಯಲ್ಲಿ ದಿನಕ್ಕೆ 14 ಗಂಟೆ, ಚಳಿಗಾಲದಲ್ಲಿ 10–12 ಗಂಟೆ, ಟೈಮರ್‌ಗೆ ಹಾಕಿಬಿಡಿ.

ಊರಿಂದ ಬಂದ ಅಜ್ಜಿ "ಓತಿಕ್ಯಾತಕ್ಕೆ ಇಷ್ಟೊಂದು ಕರೆಂಟಾ?" ಅಂತ ಕೇಳಿದರೆ ಲೆಕ್ಕ ಹೀಗಿದೆ: 39 ವ್ಯಾಟ್ ಟ್ಯೂಬ್, 100 ವ್ಯಾಟ್ ಹ್ಯಾಲೋಜನ್, 12 ಗಂಟೆ. ದಿನಕ್ಕೆ ಒಂದೂಮುಕ್ಕಾಲು ಯೂನಿಟ್ ಕೂಡ ಆಗುವುದಿಲ್ಲ.

ಅಳೆಯೋಕೆ ಗಾಜಿಗೆ ಅಂಟಿಸುವ ದುಂಡನೆ ಮೀಟರ್ ನಂಬಬೇಡಿ, ಅದು ಗೋಡೆಯ ಬಿಸಿ ಹೇಳುತ್ತೆ. 15–20 ಡಾಲರ್‌ನ ಇನ್‌ಫ್ರಾರೆಡ್ ಗನ್ (ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್) ತಗೊಂಡು ಕಲ್ಲಿಗೆ ಗುರಿಯಿಡಿ. ಬೇರೆ ಏನೂ ಕೊಳ್ಳೋಕೆ ಆಗದಿದ್ದರೂ ಇದನ್ನು ಕೊಳ್ಳಿ. ಊಟ ಬಿಟ್ಟ ಎಷ್ಟೋ ಬಿಯರ್ಡಿಗಳ ಸಮಸ್ಯೆ ಇದನ್ನು ಒತ್ತಿದ ತಕ್ಷಣ ಗೊತ್ತಾಗುತ್ತೆ. ಯುವಿ ಅಳೆಯುವ ಸೋಲಾರ್‌ಮೀಟರ್ 6.5 ಒಳ್ಳೆಯದೇ, ಬೆನ್ನಿನ ಹತ್ತಿರ ಸೂಚ್ಯಂಕ 3ರಿಂದ 5 ಬಂದರೆ ಸರಿ. ಆದರೆ 200 ಡಾಲರ್‌ಗೂ ಮೇಲೆ. ಊರಿನ ಸರೀಸೃಪ ಸಾಕುವವರ ಬಳಗದಲ್ಲಿ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ.

ದೀಪ ಸರಿ ಇದೆ, ಆದರೂ ತಿನ್ನುತ್ತಿಲ್ಲ: ಕಾಯೋದಾ, ಡಾಕ್ಟರಾ?

ಮೊದಲು ವಯಸ್ಸು ನೋಡಿ. ಮರಿಗಳು ದಿನಕ್ಕೆ ಎರಡು ಮೂರು ಸಲ ಹುಳ ತಿನ್ನುತ್ತವೆ. ದೊಡ್ಡವಕ್ಕೆ ವಾರಕ್ಕೆ ಎರಡು ಮೂರು ಸಲ ಹುಳ ಸಾಕು, ದಿನಾ ಸೊಪ್ಪು. ಎರಡು ವರ್ಷದ ಪ್ರಾಣಿ ಮರಿಯ ಹಾಗೆ ಬಕಾಸುರನಾಗಿಲ್ಲ ಅಂತ ಗಾಬರಿ ಬೀಳಬೇಡಿ. ಹೊಸ ಮನೆಗೆ ಬಂದ ಮೊದಲ ಒಂದೆರಡು ವಾರ, ಪೊರೆ ಬಿಡುವಾಗ, ಹೆಣ್ಣು ಮೊಟ್ಟೆ ಹೊತ್ತಿರುವಾಗ ಊಟ ಕಮ್ಮಿಯಾಗುವುದು ಮಾಮೂಲು. ಗಂಡು ಜೊತೆಗಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತೆ, ನೆನಪಿರಲಿ.

ಚಳಿಗಾಲದ ಬ್ರೂಮೇಷನ್ ಇನ್ನೊಂದು. ಒಂದು ವರ್ಷ ದಾಟಿದ ಪ್ರಾಣಿ ನವೆಂಬರ್ ಆಸುಪಾಸು ಮೂಲೆ ಸೇರಿ ವಾರಗಟ್ಟಲೆ ಮಲಗಬಹುದು. ಬ್ರೂಮೇಷನ್‌ಗೂ ಕಾಯಿಲೆಗೂ ಇರುವ ವ್ಯತ್ಯಾಸ ತೂಕದಲ್ಲಿ ಗೊತ್ತಾಗುತ್ತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಒಂದು ಡಬ್ಬ ಇಟ್ಟು ವಾರಕ್ಕೊಮ್ಮೆ ತೂಗಿ. ಮಲಗಿದ ಪ್ರಾಣಿಯ ತೂಕ ಹೆಚ್ಚು ಇಳಿಯುವುದಿಲ್ಲ. 400 ಗ್ರಾಂ ಇದ್ದದ್ದು 360ಕ್ಕೆ ಬಂದರೆ ಅದು ಬರೀ ನಿದ್ದೆಯಲ್ಲ.

ತಟ್ಟೆಯ ಬಗ್ಗೆ ನಮ್ಮವರಿಗೆ ಮಾತ್ರ ಹೇಳಬೇಕಾದ್ದು ಒಂದಿದೆ. ಇಂಡಿಯನ್ ಸ್ಟೋರ್‌ನಿಂದ ತಂದ ಪಾಲಕ್, ದಂಟಿನ ಸೊಪ್ಪು ಮನೆಯಲ್ಲಿ ಇದ್ದೇ ಇರುತ್ತೆ ಅಂತ ದಿನಾ ಹಾಕುತ್ತಾರೆ. ಎರಡರಲ್ಲೂ ಆಕ್ಸಲೇಟ್ ಜಾಸ್ತಿ, ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತೆ. ಅಷ್ಟು ದುಡ್ಡು ಕೊಟ್ಟು ಹಾಕಿದ ಯುವಿಬಿ ದಂಡ. ಕೊಲಾರ್ಡ್ ಗ್ರೀನ್ಸ್, ನುಗ್ಗೆ ಸೊಪ್ಪು, ತುರಿದ ಸಿಹಿಕುಂಬಳ ಹಾಕಿ. ಬೆಣ್ಣೆಹಣ್ಣು ಯಾವತ್ತೂ ಬೇಡ.

ಕಾಯುವ ಲೆಕ್ಕ ಹೀಗೆ. ದೀಪ ಸರಿ ಮಾಡಿದ ಮೇಲೆ, ಮೈತುಂಬಿಕೊಂಡಿರುವ ದೊಡ್ಡ ಪ್ರಾಣಿಗೆ ಒಂದೆರಡು ವಾರ ಕೊಡಬಹುದು, ಚುರುಕಾಗಿದ್ದರೆ ಮಾತ್ರ. ಮರಿಗೆ ಎರಡು ಮೂರು ದಿನ, ಅದಕ್ಕಿಂತ ಜಾಸ್ತಿ ಬೇಡ. ಕಾಲು ಎಳೆಯುತ್ತಿದ್ದರೆ, ನಡುಗುತ್ತಿದ್ದರೆ, ಬಾಯಿ ಸುತ್ತ ಕೀವು ಕಂಡರೆ, ವಾರದಿಂದ ಕಕ್ಕ ಮಾಡದೆ ಹೊಟ್ಟೆ ಊದಿದ್ದರೆ, ಚರ್ಮದಲ್ಲಿ ಹಳದಿ ಹಕ್ಕಳೆ ಎದ್ದಿದ್ದರೆ ಅವತ್ತೇ ಹೊರಡಿ. ತಣ್ಣಗಿರುವ ಪ್ರಾಣಿಯ ಬಾಯಿಗೆ ಸಿರಿಂಜ್‌ನಲ್ಲಿ ಊಟ ತುರುಕಬೇಡಿ. ಅರಗದೆ ಒಳಗೇ ಕೊಳೆಯುತ್ತೆ.

ನಾಯಿ ಬೆಕ್ಕಿನ ಡಾಕ್ಟರಿಗಿಂತ ಸರೀಸೃಪ ನೋಡುವ ಎಕ್ಸಾಟಿಕ್ ಡಾಕ್ಟರೇ ಬೇಕು. ಅವರು ಸಾಮಾನ್ಯವಾಗಿ ಮೊದಲು ನೋಡುವುದು ಮಲ: ಕಾಕ್ಸಿಡಿಯಾ, ಪಿನ್‌ವರ್ಮ್ ಅನ್ನುವ ಕರುಳಿನ ಪರೋಪಜೀವಿಗಳು ಬಿಯರ್ಡಿಗಳಲ್ಲಿ ಬಹಳ. ಮೂಳೆಗೆ, ಮೊಟ್ಟೆಗೆ ಎಕ್ಸ್‌ರೇ. ಮರಿಯಾದರೆ ಅಡಿನೋವೈರಸ್ ಪರೀಕ್ಷೆಯನ್ನೂ ಹೇಳಬಹುದು. ಹಿಂದಿನ ದಿನದ ಮಲವನ್ನು ಮುಚ್ಚಳದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ತಗೊಂಡು ಹೋಗಿ. ಟ್ಯೂಬ್ ಮತ್ತು ಬಲ್ಬ್‌ನ ಡಬ್ಬದ ಫೋಟೋ, ಕಲ್ಲಿಗೆ ಗನ್ ಹಿಡಿದಾಗ ಬಂದ ಅಂಕಿ, ತೂಕದ ಪಟ್ಟಿ ಫೋನಿನಲ್ಲಿರಲಿ. ಟ್ಯಾಂಕಿನ ಫೋಟೋ ಎದುರಿನಿಂದ ತೆಗೆಯಿರಿ, ದೀಪದಿಂದ ಕಲ್ಲಿಗೆ ಟೇಪ್ ಹಿಡಿದು. ಚಳಿಗಾಲವಾದರೆ ಕಾರಿನ ಹೀಟರ್ ಹತ್ತು ನಿಮಿಷ ಮುಂಚೆ ಹಾಕಿ, ಆಮೇಲೆ ಪ್ರಾಣಿಯನ್ನು ಹೊರಗೆ ತನ್ನಿ.